ದಾರ ತುಂಡಾಗುವ ಬಲ ಅಳೆಯುವ ಸಾಧನ: ಕಟ್ಟುವ ಕ್ರಮ, ಪರಿಶೀಲಿಸುವ ಕ್ರಮ

ಲೋಡ್ ಸೆಲ್ ಎಂಬ, ಭಾರವನ್ನು ವಿದ್ಯುತ್ ಸಂಕೇತವಾಗಿಸುವ ಸೆನ್ಸರನ್ನು ತಂದು, ಆರ್ಡ್ವಿನೋ ಎಂಬ ಪ್ರೋಗ್ರಾಮ್ ಮಾಡಬಹುದಾದ ಚಿಕ್ಕ ಬೋರ್ಡಿಗೆ ಜೋಡಿಸಿ, ಪರದೆಯ ಮೇಲೆ ಅಂಕಿ ಬರುವಂತೆ ಮಾಡಿದವರು ಮುಂದೆ ಕೇಳುವ ಪ್ರಶ್ನೆ ಹೆಚ್ಚುಕಡಿಮೆ ಒಂದೇ ಆಗಿರುತ್ತದೆ: ಈ ಅಂಕಿಯನ್ನು ವರದಿಯಲ್ಲಿ ಬರೆಯಬಹುದೇ, ಪರೀಕ್ಷಕರು ಕೇಳಿದರೆ ಏನೆಂದು ಸಮರ್ಥಿಸಿಕೊಳ್ಳಬೇಕು? ಪಾಲಿಟೆಕ್ನಿಕ್ ಮತ್ತು ಎಂಜಿನಿಯರಿಂಗ್ ವಿದ್ಯಾರ್ಥಿಗಳು, ಬಾಳೆ ನಾರಿನಿಂದ ಹುರಿ ಹೊಸೆಯುವ ಸಣ್ಣ ಘಟಕದವರು, ವಿಜ್ಞಾನ ಶಿಕ್ಷಕರು ಇದನ್ನೇ ಮತ್ತೆ ಮತ್ತೆ ಕೇಳುತ್ತಿರುವುದರಿಂದ, ಒಂದು ನಿರ್ದಿಷ್ಟ ಸಾಧನವನ್ನು ಇಟ್ಟುಕೊಂಡು ಮೊದಲಿನಿಂದ ಕೊನೆಯವರೆಗೆ ಕ್ರಮವನ್ನು ಇಲ್ಲಿ ವಿವರಿಸಲಾಗಿದೆ. ಸಾಧನ ಚಿಕ್ಕದು: ದಾರ ಅಥವಾ ಹುರಿಯನ್ನು ನಿಧಾನವಾಗಿ ಎಳೆದು, ಅದು ತುಂಡಾಗುವ ಹೊತ್ತಿನ ಬಲವನ್ನು 120 ನ್ಯೂಟನ್‌ವರೆಗೆ ಅಳೆಯುವುದು. ಕ್ರಮ ಮಾತ್ರ ತಾಪಮಾನ, ಒತ್ತಡ, ಹರಿವು ಅಳೆಯುವ ಸಾಧನಗಳಿಗೂ ಬಹುಮಟ್ಟಿಗೆ ಅನ್ವಯಿಸುತ್ತದೆ.

ಎರಡು ಪದಗಳನ್ನು ಮೊದಲೇ ಬೇರ್ಪಡಿಸಿಕೊಳ್ಳಬೇಕು. ಕ್ಯಾಲಿಬ್ರೇಶನ್ ಎಂದರೆ ಮೊದಲೇ ಗೊತ್ತಿರುವ ಮೌಲ್ಯಗಳನ್ನು ಸಾಧನಕ್ಕೆ ಕೊಟ್ಟು, ಅದು ತೋರಿಸುವ ರೀಡಿಂಗಿಗೂ ನಿಜವಾದ ಮೌಲ್ಯಕ್ಕೂ ಇರುವ ಸಂಬಂಧವನ್ನು ಕಂಡುಕೊಳ್ಳುವುದು. ವ್ಯಾಲಿಡೇಶನ್ ಎಂದರೆ ನಮ್ಮ ಕೆಲಸಕ್ಕೆ ಬೇಕಾದಷ್ಟು ಸರಿಯಾಗಿ ಆ ಸಾಧನ ಅಳೆಯುತ್ತದೆ ಎಂಬುದನ್ನು ಪುರಾವೆಯ ಸಮೇತ ತೋರಿಸುವುದು. ಮೊದಲನೆಯದನ್ನು ಮುಗಿಸಿ ಎರಡನೆಯದೂ ಆಯಿತೆಂದು ತಿಳಿಯುವವರೇ ಹೆಚ್ಚು. ಎರಡನೆಯದಕ್ಕೆ ದಾರಿ ಇರಬೇಕಾದರೆ ಅದನ್ನು ಚೌಕಟ್ಟು ಕಟ್ಟುವ ಮೊದಲೇ ಯೋಚಿಸಿರಬೇಕು. ಕಟ್ಟಿ ಮುಗಿದ ಮೇಲೆ ತೂಕ ತೂಗುಹಾಕಲು ಜಾಗವೇ ಇಲ್ಲದ ಸಾಧನಗಳು ಕಾಲೇಜುಗಳಲ್ಲಿ ಬೇಕಾದಷ್ಟಿವೆ.

ಬೇಕಾಗುವ ವಸ್ತುಗಳು

20 ಕೆ.ಜಿ. ಸಾಮರ್ಥ್ಯದ ಲೋಡ್ ಸೆಲ್, ಎಚ್‌ಎಕ್ಸ್ 711 ಬೋರ್ಡ್ (ಸೆಲ್‌ನ ಸಣ್ಣ ಸಂಕೇತವನ್ನು ಹಿಗ್ಗಿಸಿ ಅಂಕಿಯಾಗಿಸುವ ಚಿಪ್ ಇರುವಂಥದು), ಆರ್ಡ್ವಿನೋದಂಥ ಒಂದು ಮೈಕ್ರೋಕಂಟ್ರೋಲರ್ ಬೋರ್ಡ್, ಉಕ್ಕಿನ ಅಥವಾ ದಪ್ಪ ಅಲ್ಯೂಮಿನಿಯಂನ ನಿಲುವು ಚೌಕಟ್ಟು, ಲೀಡ್ ಸ್ಕ್ರೂ (ತಿರುಗಿದಂತೆ ಗ್ರಿಪ್ಪನ್ನು ನೇರವಾಗಿ ಸರಿಸುವ ಉದ್ದ ತಿರುಪು) ಮತ್ತು ಅದನ್ನು ತಿರುಗಿಸುವ ಸ್ಟೆಪ್ಪರ್ ಮೋಟರ್ (ಸಣ್ಣ ಸಣ್ಣ ಹೆಜ್ಜೆಗಳಲ್ಲಿ ತಿರುಗುವಂಥದು), ದಾರ ಹಿಡಿಯುವ ಎರಡು ಗ್ರಿಪ್, ಒಟ್ಟು 12 ಕೆ.ಜಿ. ಆಗುವಷ್ಟು ತೂಕದ ಬಟ್ಟುಗಳು, ಅವನ್ನು ಇಡಲು ಕೊಕ್ಕೆಯಿರುವ ತಟ್ಟೆ, ಒಂದು ಗಟ್ಟಿ ಸ್ಪ್ರಿಂಗ್, ಒಂದು ಥರ್ಮಾಮೀಟರ್, ಕಣ್ಣಿಗೆ ರಕ್ಷಣೆಯ ಕನ್ನಡಕ. ಸ್ಪ್ರಿಂಗ್ ಯಾಕೆಂಬುದು 8ನೇ ಹಂತದಲ್ಲಿ ತಿಳಿಯುತ್ತದೆ. ಪಟ್ಟಿಯಿಂದ ಅದನ್ನು ಕೈಬಿಡಬೇಡಿ.

ಹಂತ 1: ಯಾವ ತೀರ್ಮಾನಕ್ಕಾಗಿ ಅಳೆಯುತ್ತಿದ್ದೀರಿ ಎಂದು ಬರೆದಿಡಿ

‘ಹುರಿಯ ಬಲ ಅಳೆಯುವುದು’ ಎಂಬುದು ಗುರಿಯಲ್ಲ. ‘ಹುರಿಯು 80 ನ್ಯೂಟನ್‌ಗಿಂತ ಕಡಿಮೆ ಬಲಕ್ಕೆ ತುಂಡಾದರೆ ಅದನ್ನು ತಿರಸ್ಕರಿಸುವುದು, 80ರ ಆಸುಪಾಸಿನಲ್ಲಿ 4 ನ್ಯೂಟನ್ ಅಂತರವನ್ನು ಖಚಿತವಾಗಿ ಗುರುತಿಸಬೇಕು’ ಎಂಬುದು ಗುರಿ. ಹೀಗೆ ಬರೆದಾಗ ಸಾಧನ ಎಷ್ಟು ಒಳ್ಳೆಯದಿರಬೇಕು ಎಂಬುದೂ ತಾನಾಗಿ ಹೊರಬೀಳುತ್ತದೆ. ಕೈಗಾರಿಕೆಯಲ್ಲಿ ಬಹಳ ಕಾಲದಿಂದ ಬಳಕೆಯಲ್ಲಿರುವ ನಾಲ್ಕಕ್ಕೆ ಒಂದು ಎಂಬ ನಿಯಮದಂತೆ, ಗುರುತಿಸಬೇಕಾದ ಅಂತರದ ಕಾಲು ಭಾಗಕ್ಕಿಂತ ಅಳತೆಯ ಅನಿಶ್ಚಿತತೆ ಹೆಚ್ಚಿರಬಾರದು. ಅನಿಶ್ಚಿತತೆ ಎಂದರೆ, ನಿಜವಾದ ಮೌಲ್ಯವು ರೀಡಿಂಗಿನ ಆಚೀಚೆ ಎಷ್ಟು ದೂರದೊಳಗೆ ಇರಬಹುದು ಎಂಬುದರ ಅಂದಾಜು. ನಮ್ಮ ಸಂದರ್ಭದಲ್ಲಿ ಅದು ± 1 ನ್ಯೂಟನ್.

ಈ ಒಂದು ಸಾಲನ್ನು ಟಿಪ್ಪಣಿ ಪುಸ್ತಕದ ಮೊದಲ ಪುಟದಲ್ಲಿ ದಿನಾಂಕ ಹಾಕಿ ಬರೆಯಿರಿ. ಸಾಧನ ಕಟ್ಟಿದ ಮೇಲೆ, ಬಂದ ಫಲಿತಾಂಶಕ್ಕೆ ಹೊಂದುವಂತೆ ಗುರಿಯನ್ನೇ ಸಡಿಲಿಸುವ ಆಸೆ ಎಲ್ಲರಿಗೂ ಆಗುತ್ತದೆ. ಮೊದಲೇ ಬರೆದ ಸಾಲು ಅದನ್ನು ತಡೆಯುತ್ತದೆ.

ಹಂತ 2: ಸೆನ್ಸರ್ ಆಯ್ಕೆ, ಮತ್ತು 24 ಬಿಟ್‌ನ ಭ್ರಮೆ

ಲೋಡ್ ಸೆಲ್ ಎಂದರೆ ಭಾರ ಬಿದ್ದಾಗ ಅತ್ಯಲ್ಪವಾಗಿ ಬಾಗುವ ಲೋಹದ ತುಂಡು. ಅದಕ್ಕೆ ಅಂಟಿಸಿದ ಸ್ಟ್ರೇನ್ ಗೇಜ್‌ಗಳು, ಅಂದರೆ ಹಿಗ್ಗಿದರೆ ಅಥವಾ ಕುಗ್ಗಿದರೆ ವಿದ್ಯುತ್ ರೋಧ ಬದಲಾಗುವ ತೆಳು ಹಾಳೆಗಳು, ವೀಟ್‌ಸ್ಟನ್ ಬ್ರಿಡ್ಜ್ ಎಂಬ ನಾಲ್ಕು ತೋಳಿನ ಮಂಡಲವಾಗಿ ಜೋಡಣೆಗೊಂಡಿರುತ್ತವೆ. ಪೂರ್ಣ ಭಾರಕ್ಕೆ ಇದು ಕೊಡುವ ಸಂಕೇತ ಬಹಳ ಸಣ್ಣದು: ಪ್ರತಿ ವೋಲ್ಟ್ ಪೂರೈಕೆಗೆ ಸಾಮಾನ್ಯವಾಗಿ 1 ಅಥವಾ 2 ಮಿಲಿವೋಲ್ಟ್. 2 ಮಿಲಿವೋಲ್ಟಿನ ಸೆಲ್‌ಗೆ 5 ವೋಲ್ಟ್ ಕೊಟ್ಟರೆ, 20 ಕೆ.ಜಿ. ಭಾರಕ್ಕೆ ಸಿಗುವುದು 10 ಮಿಲಿವೋಲ್ಟ್ ಮಾತ್ರ.

ಸಾಮರ್ಥ್ಯವನ್ನು ಆರಿಸುವಾಗ, ಅಳೆಯಬೇಕಾದ ಗರಿಷ್ಠ ಬಲವು ಸೆಲ್‌ನ ಸಾಮರ್ಥ್ಯದ ಅರ್ಧದಿಂದ ಮುಕ್ಕಾಲರೊಳಗೆ ಬರುವಂತೆ ನೋಡಿಕೊಳ್ಳಿ. 20 ಕೆ.ಜಿ.ಯ ಸೆಲ್‌ಗೆ 120 ನ್ಯೂಟನ್ ಎಂದರೆ ಸುಮಾರು ಶೇ. 61, ಸರಿಯಾಗಿದೆ. ‘ಹೆಚ್ಚಿನದೇ ಇರಲಿ’ ಎಂದು 200 ಕೆ.ಜಿ.ಯದನ್ನು ತಂದರೆ ಅದರ ದೋಷಗಳೂ ಹತ್ತು ಪಟ್ಟು ದೊಡ್ಡದಾಗಿ ಬರುತ್ತವೆ, ಏಕೆಂದರೆ ತಯಾರಕರು ದೋಷವನ್ನು ಪೂರ್ಣ ಸಾಮರ್ಥ್ಯದ ಶೇಕಡಾವಾರಿನಲ್ಲಿ ಹೇಳುತ್ತಾರೆ.

ಇಲ್ಲಿ ಸ್ವಲ್ಪ ಲೆಕ್ಕ ಮಾಡಿ ನೋಡುವುದು ಒಳ್ಳೆಯದು, ಏಕೆಂದರೆ ಅತಿ ಹೆಚ್ಚು ಜನ ಎಡವುವುದು ಇಲ್ಲಿಯೇ. ಎಚ್‌ಎಕ್ಸ್ 711 ಚಿಪ್ 24 ಬಿಟ್‌ನದು, ಅಂದರೆ ಸಂಕೇತದ ವ್ಯಾಪ್ತಿಯನ್ನು 2ರ 24ನೇ ಘಾತದಷ್ಟು ಸಣ್ಣ ಮೆಟ್ಟಿಲುಗಳಾಗಿ, ಎಂದರೆ ಎಣಿಕೆಗಳಾಗಿ, ಹಂಚುತ್ತದೆ. 128ರ ಗೇನ್‌ನಲ್ಲಿ, ಅಂದರೆ ಸಂಕೇತವನ್ನು 128 ಪಟ್ಟು ಹಿಗ್ಗಿಸುವಾಗ, ಅದರ ಒಂದು ಎಣಿಕೆ ಸುಮಾರು 2.4 ನ್ಯಾನೋವೋಲ್ಟಿಗೆ ಸಮ, ನಮ್ಮ ಸೆಲ್‌ನಲ್ಲಿ ಗ್ರಾಮಿನ ಇನ್ನೂರನೆಯ ಒಂದು ಭಾಗ. ಆದರೆ ಚಿಪ್‌ನದೇ ಗದ್ದಲ, ಅಂದರೆ ಭಾರ ಬದಲಾಗದಿದ್ದರೂ ರೀಡಿಂಗ್ ಅಲ್ಲಾಡುವ ಪ್ರಮಾಣ, ಸೆಕೆಂಡಿಗೆ 10 ರೀಡಿಂಗಿನ ವೇಗದಲ್ಲಿ 50 ನ್ಯಾನೋವೋಲ್ಟ್, ಎಂದರೆ 0.1 ಗ್ರಾಂ. ಇನ್ನು ಸೆಲ್‌ನ ರೇಖೀಯವಲ್ಲದ ದೋಷ, ಅಂದರೆ ಭಾರಕ್ಕೂ ಸಂಕೇತಕ್ಕೂ ಇರುವ ಸಂಬಂಧ ಸರಳರೇಖೆಯಿಂದ ಸರಿಯುವ ಪ್ರಮಾಣ, ಪೂರ್ಣ ಸಾಮರ್ಥ್ಯದ ಶೇ. 0.05 ಇದ್ದರೆ ಅದೊಂದೇ 10 ಗ್ರಾಂ, ಅಂದರೆ ಸುಮಾರು 0.1 ನ್ಯೂಟನ್. ಪರದೆಯ ಮೇಲೆ ದಶಮಾಂಶದ ನಂತರ ನಾಲ್ಕು ಅಂಕಿ ಮೂಡಿದರೂ ಅವುಗಳಲ್ಲಿ ಕೊನೆಯ ಮೂರಕ್ಕೆ ಬೆಲೆಯಿಲ್ಲ. ಎಷ್ಟು ಸಣ್ಣ ಬದಲಾವಣೆಯನ್ನು ಸಾಧನ ತೋರಿಸಬಲ್ಲದು ಎಂಬುದು ರೆಸಲ್ಯೂಶನ್. ತೋರಿಸಿದ್ದು ಎಷ್ಟು ಸರಿ ಎಂಬುದು ನಿಖರತೆ. ಮೊದಲನೆಯದನ್ನು ದುಡ್ಡು ಕೊಟ್ಟು ಕೊಳ್ಳಬಹುದು, ಎರಡನೆಯದನ್ನು ದುಡಿದೇ ಗಳಿಸಬೇಕು.

ಹಂತ 3: ಚೌಕಟ್ಟು ಮತ್ತು ಗ್ರಿಪ್

ಚೌಕಟ್ಟನ್ನು ಲಂಬವಾಗಿ ನಿಲ್ಲಿಸಿ. ಲೋಡ್ ಸೆಲ್ ಮೇಲಿನ ಅಡ್ಡಪಟ್ಟಿಗೆ ಇರಲಿ, ಕೆಳಗಿನ ಗ್ರಿಪ್ ಲೀಡ್ ಸ್ಕ್ರೂವಿನ ಜೊತೆ ಕೆಳಗಿಳಿಯಲಿ. ಅಡ್ಡವಾಗಿ ಮಲಗಿಸಿದ ಸಾಧನ ನೋಡಲು ಸುಲಭವೆನಿಸಿದರೂ, ಅದನ್ನು ತೂಕದಿಂದ ಪರಿಶೀಲಿಸಲು ರಾಟೆ ಬೇಕಾಗುತ್ತದೆ ಮತ್ತು ರಾಟೆಯ ಘರ್ಷಣೆ ನಿಮ್ಮ ಲೆಕ್ಕದೊಳಗೆ ಸದ್ದಿಲ್ಲದೆ ಸೇರಿಕೊಳ್ಳುತ್ತದೆ. ಲಂಬ ಸಾಧನದಲ್ಲಿ ಮೇಲಿನ ಗ್ರಿಪ್ ತೆಗೆದು ಅದೇ ಕೊಕ್ಕೆಗೆ ಬಟ್ಟಿನ ತಟ್ಟೆಯನ್ನು ತೂಗುಹಾಕಿದರಾಯಿತು. ಪರೀಕ್ಷೆಯಲ್ಲಿ ಬಲ ಹರಿಯುವ ಗೆರೆಯಲ್ಲೇ ತೂಕವೂ ಬೀಳುತ್ತದೆ.

ಅಂಗಡಿಯಲ್ಲಿ ಸುಲಭವಾಗಿ ಸಿಗುವ ಪಟ್ಟಿಯಾಕಾರದ ಸೆಲ್ ಬಳಸುವುದಾದರೆ ಅದನ್ನು ಕೈಯಲ್ಲಿ ಹಿಡಿದು ಒಮ್ಮೆ ಸರಿಯಾಗಿ ನೋಡಿ. ಒಂದು ತುದಿಯಲ್ಲಿ ಬಾಣದ ಗುರುತಿನ ಸ್ಟಿಕರ್ ಇರುತ್ತದೆ. ಭಾರ ಬೀಳಬೇಕಾದ ತುದಿ ಮತ್ತು ದಿಕ್ಕು ಅದು. ನಡುವೆ ರಂಧ್ರ ಕೊರೆದು ತೆಳುವಾದ ಜಾಗದ ಮೇಲೆ ಬಿಳಿ ಅಂಟಿನ ಲೇಪನವಿರುತ್ತದೆ. ಗೇಜ್‌ಗಳು ಅದರಡಿಯಲ್ಲಿವೆ, ಅಲ್ಲಿ ಬೆರಳನ್ನೂ ಒತ್ತಬಾರದು. ಬಾಣವಿಲ್ಲದ ತುದಿಯನ್ನು ಅಡ್ಡಪಟ್ಟಿಗೆ ಬಿಗಿಯುವಾಗ ನಡುವೆ ಒಂದೆರಡು ವಾಷರ್ ಇಡದಿದ್ದರೆ ಸೆಲ್‌ನ ಹೊಟ್ಟೆ ಪಟ್ಟಿಗೆ ತಾಗಿ, ಭಾರದ ಒಂದು ಪಾಲು ಗೇಜ್‌ಗಳನ್ನು ಮುಟ್ಟದೆ ನೇರವಾಗಿ ಚೌಕಟ್ಟಿಗೆ ಹೋಗುತ್ತದೆ. ಹಣ ಹೊಂದುವುದಾದರೆ, ಎಳೆತಕ್ಕೆಂದೇ ಇರುವ ಎಸ್ ಆಕಾರದ ಸೆಲ್ ಇದಕ್ಕಿಂತ ಉತ್ತಮ.

ಬಲ ಹೀಗೆ ಅಡ್ಡದಾರಿ ಹಿಡಿಯುವುದು ಬೇರೆ ಕಡೆಯೂ ನಡೆಯುತ್ತದೆ. ಗ್ರಿಪ್ ಅಲ್ಲಾಡದಿರಲೆಂದು ಪಕ್ಕದಲ್ಲಿ ಮಾರ್ಗದರ್ಶಕ ಸರಳು ನಿಲ್ಲಿಸಿದರೆ ಅದರ ಘರ್ಷಣೆ ಬಲವನ್ನು ನುಂಗುತ್ತದೆ. ಸೆಲ್‌ನ ತಂತಿಯನ್ನು ಬಿಗಿಯಾಗಿ ಎಳೆದು ಕಟ್ಟಿದರೆ ಆ ತಂತಿಯೇ ಭಾರ ಹೊರುತ್ತದೆ. ಸೆಲ್‌ಗೂ ಮೇಲಿನ ಗ್ರಿಪ್‌ಗೂ ನಡುವೆ ಒಂದು ಸಡಿಲ ಕೊಂಡಿ ಹಾಕಿದರೆ ಎಳೆತ ತಾನೇ ನೇರವಾಗುತ್ತದೆ.

ಗ್ರಿಪ್‌ಗೆ ಗಂಟು ಬಳಸಬೇಡಿ. ಗಂಟಿನಲ್ಲಿ ದಾರ ಮಡಿಸಿ ಒತ್ತಿಕೊಳ್ಳುವುದರಿಂದ ಅದು ಅಲ್ಲಿಯೇ, ತನ್ನ ನಿಜವಾದ ಬಲಕ್ಕಿಂತ ಎಷ್ಟೋ ಕಡಿಮೆಯಲ್ಲಿ ತುಂಡಾಗುತ್ತದೆ. ನುಣುಪಾದ ಉರುಳೆಯ ಸುತ್ತ ದಾರವನ್ನು ಮೂರು ನಾಲ್ಕು ಸುತ್ತು ಹಾಕಿ ತುದಿಯನ್ನು ಮಾತ್ರ ಸ್ಕ್ರೂವಿನಡಿ ಹಿಡಿಯುವ ಗ್ರಿಪ್ ಮಾಡಿಸಿಕೊಳ್ಳಿ. ಸುತ್ತುಗಳ ಘರ್ಷಣೆ ಎಳೆತವನ್ನು ಹಂತಹಂತವಾಗಿ ಇಳಿಸುವುದರಿಂದ ತುದಿಗೆ ಅಲ್ಪ ಬಲ ಮಾತ್ರ ತಲುಪುತ್ತದೆ. ಹೀಗಿದ್ದೂ ಗ್ರಿಪ್‌ನ ಅಂಚಿನಲ್ಲೇ ತುಂಡಾದ ಮಾದರಿಗಳನ್ನು ಬೇರೆ ಕಾಲಮ್ಮಿನಲ್ಲಿ ದಾಖಲಿಸಿ, ಅಳಿಸಿಹಾಕಬೇಡಿ. ಅಂಥವು ಹೆಚ್ಚಿದರೆ ತೊಂದರೆ ಗ್ರಿಪ್‌ನದು.

ಎಚ್ಚರಿಕೆ: ತುಂಡಾದ ಹುರಿ ಚಾಟಿಯಂತೆ ಹಿಂದಕ್ಕೆ ಹಾರುತ್ತದೆ. ಕನ್ನಡಕ ಹಾಕದೆ ಮೋಟರ್ ಚಾಲೂ ಮಾಡಬಾರದು. ಮುಂಭಾಗಕ್ಕೆ ಅಕ್ರಿಲಿಕ್ ಹಾಳೆಯ ಮರೆ ಇದ್ದರೆ ಒಳ್ಳೆಯದು.

ಹಂತ 4: ವಿದ್ಯುತ್ ಜೋಡಣೆ ಮತ್ತು ರೀಡಿಂಗಿನ ವೇಗ

ನಾಲ್ಕು ತಂತಿಗಳಲ್ಲಿ ಕೆಂಪು ಮತ್ತು ಕಪ್ಪು ಪೂರೈಕೆಗೆ, ಹಸಿರು ಮತ್ತು ಬಿಳಿ ಸಂಕೇತಕ್ಕೆ ಎಂಬುದು ರೂಢಿ. ಆದರೆ ತಯಾರಕರಿಂದ ತಯಾರಕರಿಗೆ ಬಣ್ಣ ಬದಲಾಗುವುದರಿಂದ ಜೊತೆಗೆ ಬಂದ ಹಾಳೆಯನ್ನು ನೋಡಿಯೇ ಜೋಡಿಸಿ. ಮೋಟರಿನ ತಂತಿಗಳನ್ನೂ ಸೆಲ್‌ನ ತಂತಿಯನ್ನೂ ಒಂದೇ ಕಟ್ಟಿನಲ್ಲಿ ಒಯ್ಯಬಾರದು. ಮೋಟರಿಗೆ ಬೇರೆಯೇ ಪವರ್ ಸಪ್ಲೈ ಇರಲಿ.

ರೀಡಿಂಗಿನ ವೇಗವನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಮಾರುಕಟ್ಟೆಯ ಬಹುತೇಕ ಎಚ್‌ಎಕ್ಸ್ 711 ಬೋರ್ಡುಗಳಲ್ಲಿ ಚಿಪ್‌ನ 15ನೇ ಕಾಲನ್ನು ಗ್ರೌಂಡಿಗೆ ಜೋಡಿಸಿರುವುದರಿಂದ ಸೆಕೆಂಡಿಗೆ 10 ರೀಡಿಂಗ್ ಮಾತ್ರ ಬರುತ್ತವೆ. ಆ ವೇಗದಲ್ಲಿ, ಬಲ ಬದಲಾದ ಮೇಲೆ ರೀಡಿಂಗ್ ಪೂರ್ತಿಯಾಗಿ ಹೊಸ ಮೌಲ್ಯಕ್ಕೆ ಬಂದು ನಿಲ್ಲಲು 400 ಮಿಲಿಸೆಕೆಂಡ್ ಬೇಕು. ಬಲವು ಸೆಕೆಂಡಿಗೆ 5 ನ್ಯೂಟನ್ ಏರುತ್ತಿದ್ದರೆ, ಅಷ್ಟರಲ್ಲಿ ಅದು 2 ನ್ಯೂಟನ್ ಮುಂದೆ ಹೋಗಿರುತ್ತದೆ; ನಮ್ಮ ಗುರಿಯಾದ ± 1 ನ್ಯೂಟನ್ ಇಲ್ಲಿಯೇ ಕೈತಪ್ಪಿತು. ಆ ಕಾಲನ್ನು ಗ್ರೌಂಡಿನಿಂದ ಬಿಡಿಸಿ ಪೂರೈಕೆಯ ವೋಲ್ಟೇಜಿಗೆ ಜೋಡಿಸಿದರೆ ಸೆಕೆಂಡಿಗೆ 80 ರೀಡಿಂಗ್ ಸಿಗುತ್ತವೆ, ನಿಲ್ಲುವ ಸಮಯ 50 ಮಿಲಿಸೆಕೆಂಡಿಗೆ ಇಳಿಯುತ್ತದೆ. ಗದ್ದಲ 90 ನ್ಯಾನೋವೋಲ್ಟಿಗೆ ಏರುತ್ತದೆ, ಆದರೆ ನಮ್ಮ ಕೆಲಸಕ್ಕೆ ಅದು ಲೆಕ್ಕಕ್ಕೇ ಬರುವುದಿಲ್ಲ.

ಪ್ರೋಗ್ರಾಮಿನಲ್ಲಿ ಎರಡು ನಿಯಮಗಳನ್ನು ಬಿಡದೆ ಪಾಲಿಸಿ. ನ್ಯೂಟನ್ ಲೆಕ್ಕದ ಜೊತೆಗೆ ಚಿಪ್ ಕೊಟ್ಟ ಕಚ್ಚಾ ಎಣಿಕೆಯನ್ನೂ ಫೈಲಿನಲ್ಲಿ ಉಳಿಸಿ. ಮುಂದೆ ಎಣಿಕೆಯನ್ನು ನ್ಯೂಟನ್‌ಗೆ ಬದಲಾಯಿಸುವ ಗುಣಾಂಕ ತಪ್ಪೆಂದು ಗೊತ್ತಾದರೆ ಪರೀಕ್ಷೆ ಮತ್ತೆ ಮಾಡದೆ ಲೆಕ್ಕ ಮಾತ್ರ ತಿದ್ದಬಹುದು. ಎರಡನೆಯದಾಗಿ, ಅಂಕಿಗಳು ನಯವಾಗಿ ಕಾಣಲೆಂದು ಹತ್ತಿಪ್ಪತ್ತು ರೀಡಿಂಗುಗಳ ಸರಾಸರಿ ತೆಗೆಯಬೇಡಿ. ಎಚ್‌ಎಕ್ಸ್ 711ಕ್ಕೆಂದು ಸಿಗುವ ಸಿದ್ಧ ಕೋಡಿನ ಲೈಬ್ರರಿಗಳ ಉದಾಹರಣೆ ಪ್ರೋಗ್ರಾಮುಗಳಲ್ಲಿ ಇಂಥ ಸರಾಸರಿ ಮೊದಲೇ ಇರುವುದುಂಟು. ಅದು ತುಂಡಾಗುವ ಕ್ಷಣದ ತುದಿಯನ್ನೇ ಸವೆಸಿಬಿಡುತ್ತದೆ.

ಹಂತ 5: ಖಾಲಿ ಓಟ

ಯಾವ ತೂಕವನ್ನೂ ಹಾಕುವ ಮೊದಲು, ಅಳೆಯಲು ಏನೂ ಇಲ್ಲದಿರುವಾಗ ಸಾಧನ ಏನೂ ಇಲ್ಲವೆಂದೇ ಹೇಳುತ್ತದೆಯೇ ನೋಡಿ. ಸೆಲ್‌ಗೆ ಅರ್ಧ ಗಂಟೆ ವಿದ್ಯುತ್ ಕೊಟ್ಟು ಬೆಚ್ಚಗಾಗಲು ಬಿಡಿ; ಆ ಅವಧಿಯ ಶೂನ್ಯದ ರೀಡಿಂಗನ್ನೂ ದಾಖಲಿಸಿ. ನಂತರ ದಾರವಿಲ್ಲದೆಯೇ ಮೋಟರನ್ನು ಮೇಲಿಂದ ಕೆಳಗಿನವರೆಗೆ ಓಡಿಸಿ. ಶೂನ್ಯ ಅಲ್ಲಾಡಿದರೆ ಅದು ಚೌಕಟ್ಟಿನ ಕಂಪನವೋ ಮೋಟರಿನ ವಿದ್ಯುತ್ ಗದ್ದಲವೋ ಎಂದು ತಿಳಿಯಲು, ಮೋಟರಿಗೆ ವಿದ್ಯುತ್ ಇದ್ದೂ ತಿರುಗದಂತೆ ಒಮ್ಮೆ, ಕೈಯಿಂದ ಸ್ಕ್ರೂ ತಿರುಗಿಸಿ ಇನ್ನೊಮ್ಮೆ ನೋಡಿದರೆ ಸಾಕು. ಫ್ಯಾನ್ ಹಾಕಿ, ಆರಿಸಿ; ಕಿಟಕಿಯ ಬಿಸಿಲು ಸೆಲ್‌ನ ಮೇಲೆ ಬೀಳುವಂತೆ ಮಾಡಿ; ತಂತಿಯನ್ನು ಮೆಲ್ಲಗೆ ಅಲ್ಲಾಡಿಸಿ. ಸಾಧನವು ಅಳೆಯಬೇಕಾದ್ದನ್ನು ಅಳೆಯುವಷ್ಟೇ, ಅಳೆಯಬಾರದ್ದಕ್ಕೆ ಕಿವಿಗೊಡದಿರುವುದೂ ಮುಖ್ಯ.

ಟೇರ್ ಗುಂಡಿಯ ಬಗ್ಗೆ, ಅಂದರೆ ಈಗಿರುವ ರೀಡಿಂಗನ್ನೇ ಶೂನ್ಯವೆಂದು ಘೋಷಿಸುವ ವ್ಯವಸ್ಥೆಯ ಬಗ್ಗೆ ಒಂದು ಮಾತು. ಪ್ರತಿ ಪರೀಕ್ಷೆಗೂ ಟೇರ್ ಮಾಡಿ, ಆದರೆ ಟೇರ್ ಮಾಡುವ ಮುನ್ನ ಶೂನ್ಯ ಎಷ್ಟಿತ್ತು ಎಂಬುದನ್ನು ಫೈಲಿಗೆ ಬರೆಸಿ. ದಿನದಿಂದ ದಿನಕ್ಕೆ ಒಂದೇ ಕಡೆಗೆ ಸರಿಯುವ ಶೂನ್ಯವು ಸಡಿಲಗೊಂಡ ಬೋಲ್ಟನ್ನೋ ಮಿತಿಮೀರಿದ ಭಾರದಿಂದ ಬಾಗಿದ ಸೆಲ್ಲನ್ನೋ ಸೂಚಿಸುತ್ತಿರಬಹುದು.

ಹಂತ 6: ಕ್ಯಾಲಿಬ್ರೇಶನ್

ಬಟ್ಟುಗಳ ಮೇಲೆ ಅಚ್ಚಾದ ಅಂಕಿಯನ್ನು ನೆಚ್ಚಿಕೊಳ್ಳಬೇಡಿ. ವ್ಯಾಯಾಮಶಾಲೆಯ ಪ್ಲೇಟುಗಳನ್ನಂತೂ ತೂಗದೆ ಬಳಸಲೇಬಾರದು. ಅಂತರರಾಷ್ಟ್ರೀಯ ವರ್ಗೀಕರಣದ ಎಂ 1 ವರ್ಗದ 1 ಕೆ.ಜಿ. ಬಟ್ಟಿಗೆ ಅನುಮತಿಸಿದ ದೋಷ ± 50 ಮಿಲಿಗ್ರಾಂ. ಅಂಥವು ಸಿಕ್ಕರೆ ಬಟ್ಟಿನ ದೋಷವನ್ನು ಮರೆತೇಬಿಡಬಹುದು. ಸಿಗದಿದ್ದರೆ, ಕ್ಯಾಲಿಬ್ರೇಶನ್ ಪ್ರಮಾಣಪತ್ರವಿರುವ ಎಲೆಕ್ಟ್ರಾನಿಕ್ ತಕ್ಕಡಿಯಲ್ಲಿ ಪ್ರತಿಯೊಂದನ್ನೂ ತೂಗಿ, ಬಂದ ತೂಕವನ್ನು ಅದರ ಮೇಲೆಯೇ ಬಣ್ಣದಲ್ಲಿ ಬರೆಯಿರಿ. ತಟ್ಟೆ ಮತ್ತು ಕೊಕ್ಕೆಯನ್ನೂ ತೂಗಿ, ಮರೆತುಹೋಗುವುದು ಅವೇ.

ದ್ರವ್ಯರಾಶಿಯನ್ನು ಬಲವನ್ನಾಗಿ ಬದಲಾಯಿಸುವಾಗ ಗುರುತ್ವ ವೇಗೋತ್ಕರ್ಷದಿಂದ ಗುಣಿಸಬೇಕು. ಪಠ್ಯಪುಸ್ತಕದ 9.81 ಇಲ್ಲಿಗೆ ಹೊಂದುವುದಿಲ್ಲ. 1901ರಲ್ಲಿ ನಿಗದಿಯಾದ ಪ್ರಮಾಣ ಮೌಲ್ಯ 9.80665 ಸುಮಾರು 45 ಡಿಗ್ರಿ ಅಕ್ಷಾಂಶಕ್ಕೆ ಹೊಂದುವಂಥದು. ಭೂಮಧ್ಯರೇಖೆಗೆ ಹತ್ತಿರವಾದಂತೆಯೂ ಎತ್ತರಕ್ಕೆ ಹೋದಂತೆಯೂ ಗುರುತ್ವ ಕಡಿಮೆಯಾಗುತ್ತದೆ. 13 ಡಿಗ್ರಿ ಅಕ್ಷಾಂಶದಲ್ಲಿ, ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿರುವ ಬೆಂಗಳೂರಿನಲ್ಲಿ ಅದು ಸುಮಾರು 9.78. ವ್ಯತ್ಯಾಸ ಶೇ. 0.3ರ ಹತ್ತಿರ. 10 ಕೆ.ಜಿ. ಬಟ್ಟು ಇಲ್ಲಿ ಎಳೆಯುವುದು 97.8 ನ್ಯೂಟನ್ ಬಲದಿಂದ, 98.1ರಿಂದ ಅಲ್ಲ. ಇದು ನಮ್ಮ ± 1ರೊಳಗೇ ಅಡಗಿದರೂ, ತಿಳಿದೂ ಉಳಿಸಿಕೊಳ್ಳಬೇಕಾದ ದೋಷವಲ್ಲ. ಬಟ್ಟಿನ ಮೇಲೆ ಗಾಳಿಯ ತೇಲುವಿಕೆಯ ಪರಿಣಾಮ ಶೇ. 0.015ರಷ್ಟು, ಅದನ್ನು ಬಿಡಬಹುದು.

ಈಗ ಕ್ರಮ. ಮೊದಲು ಪೂರ್ತಿ 12 ಕೆ.ಜಿ.ಯನ್ನು ಮೂರು ಸಲ ಹಾಕಿ ತೆಗೆಯಿರಿ. ಸೆಲ್ ಮತ್ತು ಬೋಲ್ಟುಗಳು ತಮ್ಮ ಜಾಗದಲ್ಲಿ ಕೂರುತ್ತವೆ. ನಂತರ 0, 2, 4, 6, 8, 10, 12 ಕೆ.ಜಿ. ಎಂದು ಏರಿಸುತ್ತ, ಪ್ರತಿ ಹೆಜ್ಜೆಯಲ್ಲೂ ಒಂದೇ ಅವಧಿ, 30 ಸೆಕೆಂಡ್ ಎಂದಿಟ್ಟುಕೊಳ್ಳಿ, ಕಾದು ರೀಡಿಂಗ್ ಬರೆಯಿರಿ. ಅದೇ ಕ್ರಮದಲ್ಲಿ ಇಳಿಸುತ್ತಲೂ ಬರೆಯಿರಿ. ಇಡೀ ಸರಣಿಯನ್ನು ಮೂರು ಸಲ ಮಾಡಿ. ಏರುವಾಗಿನ ಮತ್ತು ಇಳಿಯುವಾಗಿನ ರೀಡಿಂಗುಗಳ ನಡುವಿನ ಅಂತರಕ್ಕೆ ಹಿಸ್ಟರಿಸಿಸ್ ಎಂದು ಹೆಸರು. ಕೊನೆಗೆ 12 ಕೆ.ಜಿ.ಯನ್ನು 30 ನಿಮಿಷ ಹಾಗೆಯೇ ಬಿಟ್ಟು ರೀಡಿಂಗ್ ಎಷ್ಟು ಸರಿಯುತ್ತದೆ ನೋಡಿ. ಭಾರ ಬದಲಾಗದಿದ್ದರೂ ಆಗುವ ಈ ನಿಧಾನ ಸರಿತಕ್ಕೆ ಕ್ರೀಪ್ ಎನ್ನುತ್ತಾರೆ.

ಸ್ಪ್ರೆಡ್‌ಶೀಟಿನಲ್ಲಿ ಎಣಿಕೆ ಮತ್ತು ನ್ಯೂಟನ್ ನಡುವೆ ಸರಳರೇಖೆ ಹೊಂದಿಸಿದಾಗ ಆರ್ ವರ್ಗ (ಬಿಂದುಗಳು ರೇಖೆಗೆ ಎಷ್ಟು ಹೊಂದುತ್ತವೆ ಎಂಬುದರ ಅಳತೆ, 1 ಎಂದರೆ ಪೂರ್ತಿ ಹೊಂದಿಕೆ) 0.9999 ಎಂದು ಬಂದರೆ ಸಂತೋಷಪಡುವ ಮುನ್ನ ಇದನ್ನು ಗಮನಿಸಿ: ನಮ್ಮ ಏಳು ತೂಕಗಳಿಗೆ 0.9999 ಎಂದರೆ ರೇಖೆಯಿಂದ ಬಿಂದುಗಳು ಸರಾಸರಿ ಸುಮಾರು 0.4 ನ್ಯೂಟನ್ ದೂರದಲ್ಲಿವೆ ಎಂದರ್ಥ. ನೋಡಬೇಕಾದದ್ದು ಆ ಅಂಕಿಯನ್ನಲ್ಲ. ಪ್ರತಿ ಬಿಂದುವಿನ ಶೇಷವನ್ನು, ಅಂದರೆ ನಿಜವಾದ ಬಲಕ್ಕೂ ರೇಖೆ ಹೇಳುವ ಬಲಕ್ಕೂ ಇರುವ ವ್ಯತ್ಯಾಸವನ್ನು. ಶೇಷಗಳನ್ನು ಬೇರೆಯೇ ಗ್ರಾಫಿನಲ್ಲಿ ಬರೆಯಿರಿ. ಅವು ಶೂನ್ಯದ ಆಚೀಚೆ ಚೆದುರಿದ್ದರೆ ಚಿಂತೆಯಿಲ್ಲ. ಬಿಲ್ಲಿನಂತೆ ಬಾಗಿದ್ದರೆ ಎಲ್ಲೋ ಏನೋ ತಾಗುತ್ತಿದೆ ಎಂದು ಮೊದಲು ಅನುಮಾನಿಸಿ ವಾಷರ್, ತಂತಿ, ಕೊಂಡಿಗಳನ್ನು ನೋಡಿ. ಬಾಗಿದ ಗ್ರಾಫಿಗೆ ವರ್ಗ ಸಮೀಕರಣ ಹೊಂದಿಸಿ ದೋಷವನ್ನು ಮುಚ್ಚಿಹಾಕುವುದು ಕೊನೆಯ ಉಪಾಯ.

ಹಂತ 7: ಅನಿಶ್ಚಿತತೆಯ ಲೆಕ್ಕ

ಇದಕ್ಕೆ ಹೆದರಬೇಕಾಗಿಲ್ಲ, ಕೂಡುವುದು, ವರ್ಗಮೂಲ ತೆಗೆಯುವುದು ಬಂದರೆ ಸಾಕು. ದೋಷದ ಮೂಲಗಳನ್ನು ಒಂದೊಂದಾಗಿ ಬರೆದು, ಪ್ರತಿಯೊಂದನ್ನೂ ಪ್ರಮಾಣ ವಿಚಲನೆಯ ರೂಪಕ್ಕೆ ತರಬೇಕು. ಪ್ರಮಾಣ ವಿಚಲನೆ ಎಂದರೆ ರೀಡಿಂಗುಗಳು ಸರಾಸರಿಯ ಸುತ್ತ ಎಷ್ಟು ಚೆದುರಿವೆ ಎಂಬುದರ ಅಳತೆ. ಪದೇ ಪದೇ ಅಳೆದು ಸಿಕ್ಕ ಚೆದುರುವಿಕೆಯನ್ನು ಹಾಗೆಯೇ ತೆಗೆದುಕೊಳ್ಳಿ. ‘ಹೆಚ್ಚೆಂದರೆ ಇಷ್ಟು’ ಎಂಬ ಮಿತಿ ಮಾತ್ರ ಗೊತ್ತಿದ್ದರೆ ಆ ಮಿತಿಯನ್ನು √3ರಿಂದ ಭಾಗಿಸಿ.

ಉದಾಹರಣೆಗೆ, ಶೇಷ ಮತ್ತು ಹಿಸ್ಟರಿಸಿಸ್ ಸೇರಿ ಗರಿಷ್ಠ 0.10 ನ್ಯೂಟನ್ ಇದ್ದರೆ, ಭಾಗಿಸಿದಾಗ 0.058. ಕ್ರೀಪ್ ಮತ್ತು ಶೂನ್ಯದ ಸರಿತ 0.08 ಇದ್ದರೆ 0.046. ಪುನರಾವರ್ತನೆಯ ಚೆದುರುವಿಕೆ 0.06 ಎಂದುಕೊಳ್ಳೋಣ. ಇನ್ನು ರೀಡಿಂಗಿನ ವಿಳಂಬ: 80ರ ವೇಗದಲ್ಲಿ 50 ಮಿಲಿಸೆಕೆಂಡ್, ಸೆಕೆಂಡಿಗೆ 5 ನ್ಯೂಟನ್ ಏರಿಕೆಗೆ 0ಯಿಂದ 0.25 ನ್ಯೂಟನ್. ಇದು ಯಾವಾಗಲೂ ಬಲವನ್ನು ಕಡಿಮೆಯಾಗಿಯೇ ತೋರಿಸುವುದರಿಂದ, ನಡುವಿನ 0.125ನ್ನು ಫಲಿತಾಂಶಕ್ಕೆ ಕೂಡಿಸಿ, ಉಳಿದ ± 0.125ನ್ನು √3ರಿಂದ ಭಾಗಿಸಿದರೆ 0.072. ನಾಲ್ಕರ ವರ್ಗಗಳನ್ನು ಕೂಡಿ ವರ್ಗಮೂಲ ತೆಗೆದರೆ 0.12. ಸುಮಾರು ಶೇ. 95 ಭರವಸೆಗಾಗಿ ಎರಡರಿಂದ ಗುಣಿಸಿದರೆ ± 0.24 ನ್ಯೂಟನ್. ನಮಗೆ ಬೇಕಾಗಿದ್ದದ್ದು ± 1. ಸಾಧನ ಕಾಗದದ ಮೇಲೆ ಪಾಸಾಯಿತು. ನಿಮ್ಮ ಸಾಧನದಲ್ಲಿ ಅಂಕಿಗಳು ಬೇರೆ ಇರುತ್ತವೆ, ಲೆಕ್ಕದ ಬಗೆ ಮಾತ್ರ ಇದೇ. ಪಟ್ಟಿಯಲ್ಲಿ ಯಾವ ಬಾಬತ್ತು ದೊಡ್ಡದೆಂದು ನೋಡಿ ಅದನ್ನೇ ಮೊದಲು ಸುಧಾರಿಸಬೇಕು. ಇಲ್ಲಿ ಅದು ವಿಳಂಬ. ಆದ್ದರಿಂದ ದುಬಾರಿ ಸೆಲ್ ತರುವುದಕ್ಕಿಂತ ಮೋಟರನ್ನು ನಿಧಾನಗೊಳಿಸುವುದೇ ಲಾಭ.

ಹಂತ 8: ವ್ಯಾಲಿಡೇಶನ್

ಕ್ಯಾಲಿಬ್ರೇಶನ್‌ಗೆ ಬಳಸಿದ ಬಟ್ಟುಗಳನ್ನೇ ಮತ್ತೆ ತೂಗುಹಾಕಿ ‘ಸರಿಯಾಗಿ ಬರುತ್ತಿದೆ’ ಎನ್ನುವುದು, ತಾನೇ ಪರೀಕ್ಷೆ ಬರೆದು ತಾನೇ ಮೌಲ್ಯಮಾಪನ ಮಾಡಿದಂತೆ. ಪರಿಶೀಲನೆಗೆ ಬೇರೆಯೇ ವಸ್ತು ಬೇಕು. ಬಾಟಲಿಯಲ್ಲಿ ಮರಳು ತುಂಬಿ ಬಾಯಿ ಮುಚ್ಚಿ, ಪ್ರಮಾಣಪತ್ರವಿರುವ ತಕ್ಕಡಿಯಲ್ಲಿ ಇನ್ನೊಬ್ಬರಿಂದ ತೂಗಿಸಿ. ತೂಕ ನಿಮಗೆ ತಿಳಿಯದಿರಲಿ. ನಿಮ್ಮ ಸಾಧನದಲ್ಲಿ ಅಳೆದ ಮೇಲೆ ಚೀಟಿ ಬಿಚ್ಚಿ ನೋಡಿ. ಚೀಟಿಯಲ್ಲಿ 7.350 ಕೆ.ಜಿ. ಇದ್ದರೆ ಬಲ 71.88 ನ್ಯೂಟನ್, ಸಾಧನ 71.76 ತೋರಿಸಿದ್ದರೆ ಅಂತರ 0.12. ಭಾರ ನಿಂತೇ ಇರುವುದರಿಂದ ವಿಳಂಬದ ಬಾಬತ್ತನ್ನು ಬಿಟ್ಟು ಲೆಕ್ಕ ಹಾಕಿದರೆ ಅನಿಶ್ಚಿತತೆ ± 0.19, ಅಂತರ ಅದರೊಳಗಿದೆ, ಒಪ್ಪಬಹುದು. ಅಂತರ ಅನಿಶ್ಚಿತತೆಗಿಂತ ಹೆಚ್ಚಾದರೆ 7ನೇ ಹಂತದಲ್ಲಿ ಯಾವುದೋ ಮೂಲ ಬಿಟ್ಟುಹೋಗಿದೆ ಎಂದರ್ಥ. ಅದನ್ನು ಹುಡುಕಬೇಕೇ ಹೊರತು ಗುಣಾಂಕವನ್ನು ತಿರುಚಿ ಹೊಂದಿಸಬಾರದು. ಬೇರೆ ಬೇರೆ ತೂಕದ ಮೂರು ಬಾಟಲಿಗಳಿಂದ, ಬೇರೆ ಬೇರೆ ದಿನ, ಬೆಳಗಿನ ತಂಪಿನಲ್ಲೂ ಮಧ್ಯಾಹ್ನದ ಸೆಕೆಯಲ್ಲೂ ಇದನ್ನು ಮಾಡಿ.

ನಿಂತ ಭಾರವನ್ನು ಸರಿಯಾಗಿ ಅಳೆದರೆ ಓಡುವ ಭಾರವನ್ನೂ ಸರಿಯಾಗಿ ಅಳೆಯಿತು ಎಂದಾಗುವುದಿಲ್ಲ. ಇದಕ್ಕೊಂದು ಸುಲಭ ಪರೀಕ್ಷೆಯಿದೆ. 5 ಕೆ.ಜಿ.ಯನ್ನು ದಾರದಿಂದ ತೂಗುಹಾಕಿ, ಕೆಳಗೆ ಮರಳಿನ ಬುಟ್ಟಿ ಇಟ್ಟು, ದಾರವನ್ನು ಕತ್ತರಿಯಿಂದ ಕತ್ತರಿಸಿ. ಫೈಲ್ ತೆರೆದು, ಪೂರ್ಣ ಮೌಲ್ಯದಿಂದ ಶೂನ್ಯಕ್ಕೆ ಬರಲು ಎಷ್ಟು ರೀಡಿಂಗ್ ಹಿಡಿಯಿತು ಎಂದು ಎಣಿಸಿ. 80ರ ವೇಗದಲ್ಲಿ ನಾಲ್ಕರ ಆಸುಪಾಸು ಬರಬೇಕು. ಹತ್ತಿಪ್ಪತ್ತು ಬಂದರೆ ಎಲ್ಲೋ ಸರಾಸರಿ ತೆಗೆಯುವ ಸಾಲು ಪ್ರೋಗ್ರಾಮಿನಲ್ಲಿ ಉಳಿದಿದೆ. ಶೂನ್ಯಕ್ಕೆ ಬಂದ ಮೇಲೂ ರೀಡಿಂಗ್ ಮೇಲೆ ಕೆಳಗೆ ತೂಗುತ್ತಿದ್ದರೆ ಚೌಕಟ್ಟು ಸಡಿಲವಾಗಿದೆ.

ಬೇರೆ ಬೇರೆ ಕೈಗಳಲ್ಲಿ ಸಾಧನ ಒಂದೇ ಉತ್ತರ ಕೊಡುತ್ತದೆಯೇ ಎಂಬುದು ಮುಂದಿನದು. ಒಂದೇ ವಸ್ತುವನ್ನು ಹಲವರು ಹಲವು ಬಾರಿ ಅಳೆದು, ಒಟ್ಟು ಚೆದುರುವಿಕೆಯಲ್ಲಿ ಸಾಧನದ ಮತ್ತು ಕೈಯ ಪಾಲೆಷ್ಟೆಂದು ನೋಡುವ ಕ್ರಮ ವಾಹನ ಬಿಡಿಭಾಗಗಳ ಕಾರ್ಖಾನೆಗಳಲ್ಲಿ ಬಳಕೆಯಲ್ಲಿದೆ. ಆ ಪಾಲು ಶೇ. 10ರೊಳಗಿದ್ದರೆ ಒಳ್ಳೆಯದು, 30 ದಾಟಿದರೆ ತಿರಸ್ಕಾರ. ಆದರೆ ತುಂಡಾದ ದಾರವನ್ನು ಮತ್ತೊಬ್ಬರು ತುಂಡರಿಸಲಾಗದು, ಮತ್ತು ನಾರಿನ ಎರಡು ತುಂಡುಗಳು ಎಂದಿಗೂ ಒಂದೇ ಆಗಿರುವುದಿಲ್ಲ. ನಾರಿನ ವ್ಯತ್ಯಾಸವೇ ಸಾಧನದ ವ್ಯತ್ಯಾಸವನ್ನು ಮುಳುಗಿಸಿಬಿಡುತ್ತದೆ. ಇಲ್ಲಿ ಆ ಗಟ್ಟಿ ಸ್ಪ್ರಿಂಗ್ ಬೇಕು. ದಾರದ ಜಾಗದಲ್ಲಿ ಸ್ಪ್ರಿಂಗ್ ಹಾಕಿ, ಕೆಳಗಿನ ಗ್ರಿಪ್ ಇಳಿಯುವ ದಾರಿಯಲ್ಲಿ ಒಂದು ಗಟ್ಟಿ ತಡೆ ಬಿಗಿಯಿರಿ. ತಡೆಗೆ ತಾಗುವವರೆಗೆ ಎಳೆದಾಗ ಬಲ ಪ್ರತಿ ಸಲ ಒಂದೇ ಆಗಿರುತ್ತದೆ. ಮೂವರು, ತಲಾ ಹತ್ತು ಬಾರಿ, ಪ್ರತಿ ಬಾರಿಯೂ ಸ್ಪ್ರಿಂಗ್ ಕಳಚಿ ಹೊಸದಾಗಿ ಹಾಕಿ ಎಳೆಯಲಿ. ಕಳಚದೆಯೇ ಹತ್ತು ಸಲ ಎಳೆದರೆ ಅಂಕಿಗಳು ಚೆನ್ನಾಗಿ ಬರುತ್ತವೆ, ಏನನ್ನೂ ಹೇಳುವುದಿಲ್ಲ.

ಕೊನೆಯದಾಗಿ ಬೇರೆ ಸಾಧನದೊಂದಿಗೆ ಹೋಲಿಕೆ. ಕಾಲೇಜಿನ ಯುಟಿಎಂ (ಯುನಿವರ್ಸಲ್ ಟೆಸ್ಟಿಂಗ್ ಮಷೀನ್, ವಸ್ತುಗಳನ್ನು ಎಳೆದು, ಒತ್ತಿ ಪರೀಕ್ಷಿಸುವ) ಯಂತ್ರದಲ್ಲಿ ಎಳೆದು ನೋಡೋಣ ಎಂದು ಬಹಳ ಜನ ಹೊರಡುತ್ತಾರೆ. ಆ ಯಂತ್ರದ ಸಾಮರ್ಥ್ಯ 400 ಕಿಲೋನ್ಯೂಟನ್ ಇದ್ದರೆ ನಿಮ್ಮ 100 ನ್ಯೂಟನ್ ಅದರ ಶೇ. 0.025, ಅಷ್ಟು ಕೆಳಗೆ ಆ ಯಂತ್ರದ ನಿಖರತೆಯನ್ನು ಯಾರೂ ಖಾತರಿಪಡಿಸಿರುವುದಿಲ್ಲ. ಹೋಲಿಕೆಯ ಯಂತ್ರ ನಿಮ್ಮದಕ್ಕಿಂತ ಉತ್ತಮವಾಗಿರಬೇಕು, ನೀವು ಅಳೆಯುವ ಬಲದ ವ್ಯಾಪ್ತಿಯಲ್ಲಿ ಅದಕ್ಕೆ ಪ್ರಮಾಣಪತ್ರವಿರಬೇಕು. ನೂಲು, ಬಟ್ಟೆ ಪರೀಕ್ಷಿಸುವ ಜವಳಿ ಪ್ರಯೋಗಾಲಯಗಳಲ್ಲಿ ಇಂಥ ಚಿಕ್ಕ ಯಂತ್ರಗಳಿರುತ್ತವೆ. ಹೋಲಿಕೆಗೆ ನಾರಿನ ಬದಲು ಒಂದೇ ಉರುಳೆಯ ನೈಲಾನ್ ತಂತು ಬಳಸಿ. ಅದು ನಾರಿಗಿಂತ ಬಹಳ ಸಮಾನವಾಗಿರುತ್ತದೆ. ಮಾದರಿಯ ಉದ್ದ ಮತ್ತು ಎಳೆಯುವ ವೇಗ ಎರಡೂ ಕಡೆ ಒಂದೇ ಇರಬೇಕು, ಇಲ್ಲದಿದ್ದರೆ ಹೋಲಿಕೆಗೆ ಅರ್ಥವಿಲ್ಲ.

ಹಂತ 9: ದಾಖಲೆ ಮತ್ತು ದಿನನಿತ್ಯದ ಪರಿಶೀಲನೆ

ಪ್ರತಿದಿನ ಮೊದಲ ಪರೀಕ್ಷೆಗೆ ಮುನ್ನ ಮತ್ತು ಕೊನೆಯದರ ನಂತರ ಒಂದೇ ಬಟ್ಟನ್ನು ತೂಗುಹಾಕಿ ರೀಡಿಂಗನ್ನು ಗ್ರಾಫಿನಲ್ಲಿ ಗುರುತಿಸಿ. ಸಂಜೆಯ ಬಿಂದು ಮಿತಿಯ ಹೊರಗೆ ಬಿದ್ದರೆ ಆ ದಿನದ ಎಲ್ಲ ಫಲಿತಾಂಶಗಳನ್ನೂ ತಡೆಹಿಡಿಯಿರಿ. ಸೆಲ್ ಬದಲಿಸಿದರೆ, ಬೋಲ್ಟ್ ಬಿಚ್ಚಿ ಬಿಗಿದರೆ, ಬೋರ್ಡ್ ಬದಲಿಸಿದರೆ ಕ್ಯಾಲಿಬ್ರೇಶನ್ ಮತ್ತೆ ಆಗಬೇಕು. ಪ್ರೋಗ್ರಾಮ್ ಮಾತ್ರ ಬದಲಾದರೂ ಬಟ್ಟಿನ ಪರಿಶೀಲನೆಯನ್ನೂ ದಾರ ಕತ್ತರಿಸುವ ಪರೀಕ್ಷೆಯನ್ನೂ ಮಾಡಲೇಬೇಕು.

ವರದಿಯಲ್ಲಿ ಫಲಿತಾಂಶವನ್ನು ‘84.6 ± 0.3 ನ್ಯೂಟನ್, ಸುಮಾರು ಶೇ. 95 ಭರವಸೆಯಲ್ಲಿ’ ಎಂದು ಬರೆಯಿರಿ. ಅನಿಶ್ಚಿತತೆಯನ್ನು ಮೇಲಕ್ಕೆ ದುಂಡಾಗಿಸುವುದು ರೂಢಿ. ಹಲವು ತುಂಡುಗಳ ಸರಾಸರಿ ಕೊಡುವಾಗ ತುಂಡಿನಿಂದ ತುಂಡಿಗೆ ಇರುವ ಚೆದುರುವಿಕೆಯನ್ನು ಬೇರೆಯಾಗಿ ಬರೆಯಿರಿ. ಅದು ಹುರಿಯ ಗುಣ, ಸಾಧನದ್ದಲ್ಲ. ಮಿತಿಯ ಅಂಚಿನಲ್ಲಿ ಬಿದ್ದ ರೀಡಿಂಗಿನ ವಿಷಯದಲ್ಲಿ ಮೊದಲೇ ನಿಯಮ ಮಾಡಿಕೊಳ್ಳಿ: 80 ನ್ಯೂಟನ್ ಕನಿಷ್ಠವಾಗಿದ್ದರೆ, 80.1 ಬಂದ ಹುರಿಯನ್ನು ಪಾಸು ಎನ್ನಲಾಗದು, 80.3 ದಾಟಿದ್ದನ್ನು ಮಾತ್ರ ಎನ್ನಬಹುದು.

ಇಷ್ಟೆಲ್ಲ ಮಾಡಿದ ಸಾಧನ ಪ್ರಾಜೆಕ್ಟಿಗೆ, ಸಂಶೋಧನೆಯ ಪ್ರಾಥಮಿಕ ಹಂತಕ್ಕೆ, ಘಟಕದೊಳಗಿನ ಗುಣಮಟ್ಟ ಪರಿಶೀಲನೆಗೆ ಸಾಕು. ಖರೀದಿದಾರರು ಪರೀಕ್ಷಾ ಪ್ರಮಾಣಪತ್ರವನ್ನೇ ಕೇಳಿದರೆ ಮಾತ್ರ ಪ್ರಯೋಗಾಲಯಗಳ ಸಾಮರ್ಥ್ಯಕ್ಕೆ ಸಂಬಂಧಿಸಿದ ಐಎಸ್‌ಒ 17025 ಮಾನದಂಡದಂತೆ, ಎನ್‌ಎಬಿಎಲ್ ಎಂಬ ರಾಷ್ಟ್ರೀಯ ಮಂಡಳಿಯ ಮಾನ್ಯತೆ ಪಡೆದ ಪ್ರಯೋಗಾಲಯಕ್ಕೆ ಮಾದರಿಗಳನ್ನು ಕಳಿಸಬೇಕು. ಹೋಗುವ ಮುನ್ನ ಆ ಪ್ರಯೋಗಾಲಯದ ಮಾನ್ಯತೆಯ ವ್ಯಾಪ್ತಿಪಟ್ಟಿಯಲ್ಲಿ ನಿಮ್ಮ ಪರೀಕ್ಷೆ ಮತ್ತು ನಿಮ್ಮ ಬಲದ ಶ್ರೇಣಿ ಎರಡೂ ಇವೆಯೇ ಎಂದು ನೋಡಿಕೊಳ್ಳಿ. ಮಾನ್ಯತೆ ಸಿಗುವುದು ಪಟ್ಟಿಯಲ್ಲಿರುವ ಪರೀಕ್ಷೆಗಳಿಗೇ ಹೊರತು ಇಡೀ ಪ್ರಯೋಗಾಲಯಕ್ಕಲ್ಲ.